ಆರು ದಿನ ಬದುಕಿದ ಸಿನಿಮಾ

ಬ್ರೆಡ್ಡು ತರಲೆಂದು ಐದು ದಿನಗಳ ಮೇಲೆ ಮೊದಲ ಸಲ ಮನೆಯಿಂದ ಕೆಳಗಿಳಿದ ದೋಬ್ರಿಗೆ, ಕಟ್ಟಡದ ಮುಂಬಾಗಿಲ ಮೇಲೆ ತನ್ನದೇ ಸಾವಿನ ನೋಟೀಸು ಕಾಣಿಸಿತು. ಸೋಫಿಯಾ ನಗರದಲ್ಲಿ ಯಾರು ಸತ್ತರೂ ಹೀಗೇ. ಕಪ್ಪು ಅಂಚಿನ ಹಾಳೆ, ನಡುವೆ ಫೋಟೊ, ಕೆಳಗೆ ನಾಲ್ಕು ಸಾಲು. ಮನೆ ಬಾಗಿಲಿಗೂ ಬಸ್ ಸ್ಟಾಪಿಗೂ ಅಂಟಿಸಿ ಹೋಗುತ್ತಾರೆ. ಫೋಟೊದಲ್ಲಿ ಅವನಿಗೆ ಟ್ರಾಮ್ ಡ್ರೈವರನ ಟೋಪಿ, ಅಂಟಿಸಿಕೊಂಡ ಮೀಸೆ. ಕೆಳಗೆ ಸಣ್ಣ ಅಕ್ಷರದಲ್ಲಿ ಹೀಗಿತ್ತು: "ಆರು ದಿನ ನಮ್ಮ ನಡುವೆ ಬಾಳಿ, ಏಳನೆಯ ದಿನ ಟಾಕೀಸಿನಿಂದ ನಿರ್ಗಮಿಸಿದ ‘ಮೆತೋದಿಯ ಟ್ರಾಮ್’ ಸಿನಿಮಾಕ್ಕೆ ಕಣ್ಣೀರಿನ ವಿದಾಯ. ದುಃಖತಪ್ತರು: ವಲ್ಕೊ, ಹಾಗೂ ಟಿಕೆಟ್ ಕೊಳ್ಳದ ಸಮಸ್ತ ನಾಗರಿಕರು."

ವಲ್ಕೊ ಇಪ್ಪತ್ತೆರಡು ವರ್ಷದಿಂದ ಅವನ ಜೋಡಿ ಹಾಸ್ಯಗಾರ. ಫೋನ್ ಎತ್ತದ ಗೆಳೆಯನನ್ನು ನಗಿಸಿ ಹೊರಗೆಳೆಯಬೇಕೆಂದು ಮಾಡಿದ ಘನಕಾರ್ಯ ಇದು. ದೋಬ್ರಿಗೆ ನಗು ಬರಲಿಲ್ಲ. ಬಾಳೆಲ್ಲ ಬಿದ್ದು, ಎದ್ದು, ಪ್ಯಾಂಟು ಜಾರಿಸಿಕೊಂಡು ಜನರನ್ನು ನಗಿಸಿದವನು ಒಂದೇ ಒಂದು ಸಲ, ಟ್ರಾಮ್ ಓಡಿಸುತ್ತಲೇ ಸವೆದುಹೋದ ಅಪ್ಪ ಮೆತೋದಿಯ ಕಥೆಯನ್ನು ನೆಟ್ಟಗೆ ಹೇಳಹೊರಟಿದ್ದ. ಅಪ್ಪನ ಪಾತ್ರವನ್ನೂ ತಾನೇ ಮಾಡಿದ್ದ. ಜನ ಪ್ಯಾಂಟು ಜಾರುವುದನ್ನೇ ಕಾದರು. ಜಾರಲಿಲ್ಲ. ಎದ್ದು ಹೋದರು. ಕೊನೆಯ ಆಟಕ್ಕೆ ನಾಲ್ಕು ಜನ, ಅದರಲ್ಲೊಬ್ಬ ನಿದ್ದೆ ಮಾಡಲು ಬಂದವನು. ದುಡ್ಡು ಹೋದದ್ದು ಹಾಳಾಗಲಿ, ಅಪ್ಪ ಎರಡನೆಯ ಸಲವೂ ಯಾರ ಕಣ್ಣಿಗೂ ಬೀಳದೆ ಹೋದನಲ್ಲ ಎಂಬುದು ದೋಬ್ರಿಯ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡು ಕೂತಿತ್ತು. ಇನ್ನು ಯಾರೆದುರೂ ಬಾಯಿ ಬಿಡುವುದಿಲ್ಲ, ವೇದಿಕೆಯ ಸಹವಾಸ ಸಾಕು ಎಂದು ತೀರ್ಮಾನಿಸಿಯೂ ಆಗಿತ್ತು.

ನೋಟೀಸನ್ನು ಉಗುರಿನಿಂದ ಕೆರೆದು ಕೀಳುತ್ತಿರುವಾಗ ಮೂರನೆಯ ಮಹಡಿಯ ರಾಯ್ನಾ ಅಜ್ಜಿ ಏದುಸಿರು ಬಿಡುತ್ತ ಬೀದಿಯಿಂದ ಬಂದಳು. ಕೈಯಲ್ಲಿ ನಾಲ್ಕು ಕೆಂಪು ಕಾರ್ನೇಷನ್ ಹೂ. ಅವನನ್ನು ಕಂಡವಳೇ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. ಆಮೇಲೆ ಅದೇ ಹೂಗಳಿಂದ ಅವನ ಭುಜಕ್ಕೆ ಒಂದು ಬಿಟ್ಟಳು.

"ಬದುಕಿದ್ದೀಯೇನೋ?"

"ಬದುಕಿದ್ದೀನಿ ಅಜ್ಜಿ. ಇದು ಸಿನಿಮಾದ್ದು. ಕೆಳಗೆ ಬರೆದಿದೆ ನೋಡಿ."

"ಕೆಳಗಿಂದು ಯಾರು ಓದ್ತಾರೋ? ಮುಖ ನೋಡ್ದೆ, ಕಪ್ಪು ಗೆರೆ ನೋಡ್ದೆ, ಹೂವಿಗೆ ಓಡ್ದೆ. ಈ ಮಂಡಿ ಇಟ್ಕೊಂಡು."

ಅಲ್ಲಿಯ ವಾಡಿಕೆಯಂತೆ ಸತ್ತವರಿಗೆ ಜೋಡಿ ಲೆಕ್ಕದ ಹೂ, ಬದುಕಿದ್ದವರಿಗೆ ಬೆಸ. ಅಜ್ಜಿ ಗೊಣಗುತ್ತಲೇ ನಾಲ್ಕರಲ್ಲಿ ಒಂದನ್ನು ಹಿರಿದು ತನ್ನ ಕೋಟಿನ ಗುಂಡಿಗೆ ಸಿಕ್ಕಿಸಿಕೊಂಡು, ಉಳಿದ ಮೂರನ್ನು ಅವನ ಕೈಗೆ ತುರುಕಿದಳು. ಇಟ್ಟುಕೋ, ಇವು ಬದುಕಿರುವವನಿಗೆ ಎಂದಳು. ಬಸ್ ಸ್ಟಾಪಿನಲ್ಲೂ ಅಂಟಿಸಿದ್ದಾನಂತೆ ಯಾವನೋ ಪುಣ್ಯಾತ್ಮ. ಬ್ರೆಡ್ಡಿನಂಗಡಿಯ ಸಾಲಿನಲ್ಲಿ ಬೆಳಗಿನಿಂದ ಇವನದೇ ಮಾತಂತೆ. ಸಿನಿಮಾ ಸೋತ ಕೊರಗಿಗೇ ಹೋಗಿಬಿಟ್ಟ, ಎಂಥಾ ಸಿನಿಮಾ ಅದು ಅಂದರಂತೆ ಎಲ್ಲರೂ. ಅಂಗಡಿಯ ನೇವೆನಾ ತಾನು ಎರಡೆರಡು ಸಲ ನೋಡಿದೆನೆಂದು ಕಣ್ಣೊರೆಸಿಕೊಂಡಳಂತೆ.

ದೋಬ್ರಿಗೆ ಮೈಯೆಲ್ಲ ಉರಿಯಿತು. ಅಷ್ಟು ಜನ ನೋಡಿದ್ದರೆ ಅದು ಈಸ್ಟರ್ ತನಕ ಓಡಬೇಕಿತ್ತು. ಬದುಕಿದ್ದವನಿಗೆ ಎರಡು ಗಂಟೆ ಕೊಡಲಾರದವರು ಕಪ್ಪು ಗೆರೆ ಕಂಡ ಕೂಡಲೇ ಕಣ್ಣೀರು ಹಂಚುತ್ತಾರೆ.

"ನೀವೂ ನೋಡಿದ್ರೇನು?" ಎಂದ, ಕುಟುಕುವಂತೆ.

"ಇಲ್ಲ. ನೋಡ್ದೆ ಅಂತ ನಾನೂ ಸುಳ್ಳು ಹೇಳ್ದೆ," ಎಂದಳು ಅಜ್ಜಿ. "ಸತ್ತೋನ ವಿಷಯ, ಇಲ್ಲ ಅನ್ನೋಕಾಗುತ್ತಾ? ಈಗ ನೋಡಿದ್ರೆ ನೀನು ಬದುಕಿದ್ದೀಯ, ಸುಳ್ಳು ನನ್ನ ತಲೆ ಮೇಲೆ ಕೂತಿದೆ. ಏನಿತ್ತೋ ಅದ್ರಲ್ಲಿ? ಹೇಳು, ಕೇಳ್ತೀನಿ."

ಹೀಗೆಂದು ಅವನನ್ನೂ ಬಾಗಿಲೊಳಗೆ ಎಳೆದುಕೊಂಡು, ಒಳಗಿನ ಮೆಟ್ಟಿಲ ಮೇಲೆ ಕೂತೇಬಿಟ್ಟಳು. ಎರಡು ಮಾತಿನಲ್ಲಿ ಮುಗಿಸಿ ಜಾರಿಕೊಳ್ಳೋಣ ಅಂದುಕೊಂಡ ದೋಬ್ರಿ ಅಪ್ಪನ ಟೋಪಿಯಿಂದ ಶುರು ಮಾಡಿದ. ಬಾಯಿ ಹೇಳುತ್ತಿದ್ದಂತೆ ಕೈ ತಾನಾಗಿ ಟ್ರಾಮಿನ ಹಿಡಿಕೆ ಹಿಡಿಯಿತು, ಬೆನ್ನು ಅಪ್ಪನ ಬೆನ್ನಿನಂತೆ ಬಾಗಿತು. ಅಷ್ಟರಲ್ಲಿ ಆರು ಹೂ ಹಿಡಿದು ನೇವೆನಾ ಬಂದಳು. ಅವಳ ಹಿಂದೆ ಎದುರು ಕಟ್ಟಡದವರು ಬಂದರು. ಬಂದವರೆಲ್ಲ ಬೆಚ್ಚಿದರು, ಬೈದರು, ಎರಡು ಸಲ ನೋಡಿದೆನೆಂದವಳು ನಾಚಿ ಕೆಂಪಗಾಗಿ, ಮೂರನೆಯ ಸಲ ನೋಡಲು ಬಂದವಳಂತೆ ಕೂತಳು. ಅಜ್ಜಿ ಸುಮ್ಮನಿರಿ ಎಂದು ಸನ್ನೆ ಮಾಡಿದಳು. ವೇದಿಕೆಯವನ ಹಾಳು ಚಾಳಿ, ದೋಬ್ರಿ ಕಥೆಯ ನಡುವೆಯೇ ತಲೆ ಎಣಿಸಿದ. ಹನ್ನೊಂದು.

"ಅಮ್ಮ ಆಸ್ಪತ್ರೇಲಿ ತೀರ್ಕೊಂಡ್ಳು ಅಂತ ಅಪ್ಪನಿಗೆ ಡ್ಯೂಟಿ ಮಧ್ಯೆ ಸುದ್ದಿ ಬಂತು," ಎಂದ. "ಬದಲಿ ಡ್ರೈವರ್ ಇಲ್ಲ, ಸಾಯಂಕಾಲದ ತನಕ ಓಡಿಸು ಅಂದ್ರು. ಓಡಿಸ್ದ. ಆಸ್ಪತ್ರೆ ಸ್ಟಾಪು ಐದು ಸಲ ಬಂತು. ಐದು ಸಲಾನೂ ಬಾಗಿಲು ತೆಗೆದ, ಹಾಕ್ಲಿಲ್ಲ. ಅಮ್ಮ ಮೆಟ್ಟಿಲಿಳಿದು ಬಂದು ಹತ್ಕೊಳ್ಳೋಷ್ಟು ಹೊತ್ತು ಹಾಗೇ ನಿಂತ. ಜನವರಿ ಚಳಿ. ಬಾಗಿಲು ಹಾಕಯ್ಯಾ, ಸಾಯಿಸ್ತೀಯೇನು ಅಂತ ಒಳಗಿನೋರೆಲ್ಲ ಬೈದ್ರು. ಅಪ್ಪ ತಿರುಗಿ ನೋಡ್ಲಿಲ್ಲ."

ಆಗ ಮುಂಬಾಗಿಲು ತೆರೆಯಿತು. ತನ್ನ ತಮಾಷೆ ಊರೆಲ್ಲ ಹರಡಿ ಏನಾಗಿದೆಯೆಂದು ತಿಳಿದು, ಕ್ಷಮೆ ಕೇಳಲು ಓಡಿಬಂದಿದ್ದ ವಲ್ಕೊ. ಮೆಟ್ಟಿಲ ತುಂಬ ಕೂತ ಜನ, ಅವರ ಮಡಿಲಲ್ಲಿ ಹೂ, ನಡುವೆ ಕಾಣದ ಟ್ರಾಮಿನ ಹಿಡಿಕೆ ಹಿಡಿದು ನಿಂತ ಗೆಳೆಯ. ವಲ್ಕೊ ಒಳಗೆ ಕಾಲಿಡಲಾರದೆ, ಹಿಂದೆ ಸರಿಯಲಾರದೆ, ಬಾಗಿಲನ್ನು ಹಾಗೇ ಹಿಡಿದುಕೊಂಡು ನಿಂತುಬಿಟ್ಟ. ಬೀದಿಯ ಚಳಿಗಾಳಿ ನುಗ್ಗಿ ಹೂ ಸುತ್ತಿದ ಕಾಗದಗಳೆಲ್ಲ ಪಟಪಟ ಅಂದವು. ರಾಯ್ನಾ ಅಜ್ಜಿ ಕೋಟಿನ ಕಾಲರು ಎಳೆದು ಕಿವಿ ಮುಚ್ಚಿಕೊಂಡಳು.

ಬಾಗಿಲು ಹಾಕು ಎಂದು ಒಬ್ಬರೂ ಅನ್ನಲಿಲ್ಲ.