ಮಾಲೀಕರ ಮೆಸೇಜು

ಲಿಫ್ಟು ಮೂರನೇ ಮತ್ತು ನಾಲ್ಕನೇ ಮಹಡಿಗಳ ನಡುವೆ ಗಕ್ಕನೆ ನಿಂತಾಗ ಭೂಮಿಯೇ ತಿರುಗುವುದನ್ನು ಬಿಟ್ಟಂತಾಯಿತು. ಒಳಗಿದ್ದವರು ಕಟ್ಟಡದ ಮಾಲೀಕ, ಅವನ ವಕೀಲ ಮತ್ತು ಎರಡನೇ ಮಹಡಿಯ ಟೈಲರಕ್ಕ. "ಈ ಲಿಫ್ಟು ನಡುವೆ ನಿಲ್ಲುತ್ತದೆ, ಹುಷಾರು" ಎಂದು ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಬರೆದದ್ದಕ್ಕೆ ಅವಳಿಗೆ ಮಾನನಷ್ಟದ ನೋಟಿಸು ಬಂದಿತ್ತು. ಅವಳು ಬರೆದದ್ದು ಸುಳ್ಳೆಂದು ತೋರಿಸಿ, ಕ್ಷಮೆ ಕೇಳಿಸಲೆಂದೇ ಮಾಲೀಕ ಅವಳನ್ನು ಹತ್ತಿಸಿಕೊಂಡಿದ್ದ.

ಕರೆ ಹೋಗುತ್ತಿರಲಿಲ್ಲ, ಮೆಸೇಜು ಮಾತ್ರ ಹೋಗುತ್ತಿತ್ತು. ಮಾಲೀಕನ ಬೆವರಿನಲ್ಲಿ ಎರಡು ಕೆರೆ ತುಂಬಿಸಬಹುದಿತ್ತು.

"ಅಕ್ಕಾ, ಗುಂಪಿಗೆ ಒಂದು ಮೆಸೇಜ್ ಹಾಕಿ."

"ಅಯ್ಯೋ, ಲಿಫ್ಟ್ ಬಗ್ಗೆ ಇನ್ನೊಂದಕ್ಷರ ಬರೆದ್ರೆ ಸೈಬರ್ ಕೇಸು ಅಂತ ನಿಮ್ಮ ನೋಟಿಸಲ್ಲೇ ಇದೆಯಲ್ಲ ಸಾರ್! ನೀವೇ ಹಾಕಿ."

"ಬೇಡ ಸಾರ್, ಸಾಕ್ಷಿ ಆಗಿಬಿಡುತ್ತೆ" ಎಂದು ವಕೀಲ ಅಡ್ಡ ಬಂದ. ಅಷ್ಟರಲ್ಲಿ ಫ್ಯಾನೂ ನಿಂತಿತು. "ಬರೀರಿ ಸಾರ್, ಬರೀರಿ! ಉಸಿರಿದ್ರೆ ತಾನೇ ಕೇಸು!" ಎಂದು ಅದೇ ವಕೀಲ ಕೂಗಿದ.

ಊರನ್ನೇ ನಡುಗಿಸುತ್ತಿದ್ದ ಮಾಲೀಕನ ಹೆಬ್ಬೆರಳು ಬೆಟ್ಟ ಹೊತ್ತಂತೆ ಪರದೆಯ ಮೇಲೆ ತೆವಳಿತು. 'ಲಿಫ್ಟ್ ನಡುವೆ ನಿಂತಿದೆ. ಬೇಗ ಬನ್ನಿ' ಎಂದು ಬರೆದು, ಕಣ್ಣು ಮುಚ್ಚಿಕೊಂಡು ಒತ್ತಿದ. ಟೈಲರಕ್ಕನ ಫೋನು ಟಣ್ಣೆಂದಿತು. ಅವಳು ಗಂಟಲು ಸರಿಮಾಡಿಕೊಂಡು, ಏಳು ಸಮುದ್ರದಾಚೆಗೂ ಕೇಳಿಸುವಂತೆ ಅದನ್ನು ಓದಿದಳು.

"ನನಗಿಂತ ಚೆನ್ನಾಗಿ ಬರೆದಿದ್ದೀರಿ ಸಾರ್. ನಿಮಗೂ ನೋಟಿಸ್ ಬರುತ್ತಾ?"

"ಕೇಸು ಮುಗೀತು ಬಿಡಿ ಅಕ್ಕಾ" ಎಂದ ವಕೀಲ, ಅವಳು ಸಹಿ ಹಾಕಬೇಕಿದ್ದ ಕ್ಷಮಾಪಣೆಯ ಕಾಗದವನ್ನು ಮಡಚಿ, ಅವಳಿಗೇ ಗಾಳಿ ಬೀಸತೊಡಗಿದ.