ಗಡಿಯಾರದ ಎದುರಿನ ಬೋರ್ಡು

"ಈ ಮೂಲಕ ಸರ್ವರಿಗೂ ತಿಳಿಸುವುದೇನೆಂದರೆ, ಇಜೇರಿಯ ಹಣಮಂತರಾಯರು ಜೇವರ್ಗಿಯ ಹೊಸ ಒಳಾಂಗಣ ಕ್ರೀಡಾಂಗಣಕ್ಕೆ ಒಂದು ಗೋಡೆ ಗಡಿಯಾರವನ್ನು, ಸೆಲ್ ಸಮೇತ, ದಾನವಾಗಿ ನೀಡಿರುತ್ತಾರೆ."

ಪೇಪರಿನ್ಯಾಗ ಬಂದಿದ್ದ ಈ ಸುದ್ದೀನ ಅದೇ ಇಜೇರಿಯ ದೇವೀಂದ್ರಪ್ಪ ಮೂರು ಸಲ ಓದಿದ. ಕೆಳಗ ಫೋಟೊ. ಹಣಮಂತರಾಯ ಗಡಿಯಾರನ ಕೂಸಿನಂಗ ಎದಿಗೆ ಅವಚಿಕೊಂಡು ನಗಾಕತ್ತಿದ್ದ. ಸಾಲ್ಯಾಗ ಇಬ್ಬರೂ ಕೂಡಿ ಕಬಡ್ಡಿ ಆಡುವಾಗಿಂದ ಹಿಂಗೇ, ಚಪ್ಪಾಳಿ ಅವನಿಗೇ. ಇನ್ನ ಮುಂದ ಮುಂಜಾನೆ ಕಬಡ್ಡಿ ಇರಲಿ, ಸಂಜಿಕೆ ನಾಟಕ ಇರಲಿ, ಟೈಮ್ ನೋಡಾಕ ತಲಿ ಎತ್ತಿದವರೆಲ್ಲ "ದಾನಿ: ಹಣಮಂತರಾಯ, ಇಜೇರಿ" ಅಂತ ಓದಬೇಕು. ಗಡಿಯಾರ ಗೋಡಿ ಮ್ಯಾಲಿತ್ತು, ಟಿಕ್ ಟಿಕ್ ಮಾತ್ರ ದೇವೀಂದ್ರಪ್ಪನ ಹೊಟ್ಟ್ಯಾಗ.

"ಒಂದು ಗಡಿಯಾರಕ್ಕ ಊಟ ಬಿಟ್ಟೀರೇನ್ರಿ?" ಅಂದಳು ಹೆಂಡತಿ ಗುರಮ್ಮ.

"ಗಡಿಯಾರಕ್ಕಲ್ಲ ಬೇ, ಅದರ ಕೆಳಗಿನ ಹೆಸರಿಗೆ."

ಎಂಟು ದಿನದಾಗ ಗಡಿಯಾರದ ಎದುರು ಗೋಡಿಗೆ ದೇವೀಂದ್ರಪ್ಪ ದಾನ ಕೊಟ್ಟ, ಬಾಗಲಿನಷ್ಟು ದೊಡ್ಡ ಸ್ಕೋರ್ ಬೋರ್ಡು ಏರಿತು. ದೇವೀಂದ್ರಪ್ಪ ಪೇಂಟರ್ ಬುರಾನುದ್ದೀನನ ಕೈಯಾಗ ಅದೇ ಪೇಪರ್ ಕೊಟ್ಟು, ಫೋಟೊದಾಗಿನ ಹಣಮಂತರಾಯನ ಈ ಮಾರಿಗಿಂತ ತನ್ನ ಹೆಸರಿನ ಒಂದೊಂದು ಅಕ್ಷರ ದೊಡ್ಡದಿರಬೇಕು ಅಂದ. ಹೆಸರು ಬರೆದಾತು. ಖರೆ, ಬರೇ ಹೆಸರು ಹಣಮಂತರಾಯನದೂ ಅದ ಅನಿಸಿತು ದೇವೀಂದ್ರಪ್ಪಗ.

"'ಗ್ರಾಮ ಪಂಚಾಯತಿ ಮಾಜಿ ಉಪಾಧ್ಯಕ್ಷರು' ಅಂತ ಸೇರಸು."

"ಬ್ಯಾಡ್ರಿ ಸಾಹುಕಾರ್ರ, ಹೆಸರು ಎದ್ದು ಕಾಣಾಕತ್ತದ."

"ಅವ ಏನಾಗ್ಯಾನ? ಏನೂ ಆಗಿಲ್ಲ. ಬರಿ ನೀ."

ಬುರಾನುದ್ದೀನ ಬರೆದ. ಆ ಪೇಪರಿನ್ಯಾಗ ಕುಂಚ ಸುತ್ತಿ ಚೀಲಕ್ಕ ಹಾಕ್ಕೊಂಡ.

ಕಬಡ್ಡಿ ಫೈನಲ್ ದಿನ ದೇವೀಂದ್ರಪ್ಪ ಇಸ್ತ್ರಿ ಅಂಗಿ ಹಾಕ್ಕೊಂಡು, ಬೀಗರನ್ನೆಲ್ಲ ಕರಕೊಂಡು ಬಂದ. ಬೋರ್ಡಿನ ಮುಂದ ನಿಚ್ಚಣಿಕಿ ನಿಂತಿತ್ತು, ಮ್ಯಾಲ ಬುರಾನುದ್ದೀನ, ಕೆಳಗ ಫೈಲ್ ಹಿಡಿದ ಅಧಿಕಾರಿ. ಪಂಚಾಯತಿ ಎಲೆಕ್ಷನ್ ಮುಂಜಾನೆ ಘೋಷಣೆ ಆಗ್ಯಾದ, ನೀತಿ ಸಂಹಿತೆ ಬಂದದ, ಪಂಚಾಯತಿ ಹುದ್ದಿ ಬರೆದ ಹೆಸರೆಲ್ಲ ಮುಚ್ಚಬೇಕು ಅಂತ ಅವರು ತಿಳಿಸಿ ಹೇಳಿದರು. ತಾನು ಮಾಜಿ ಅಂತ ದೇವೀಂದ್ರಪ್ಪ ಅಂಗಲಾಚಿದ. ಮಾಜಿ ನಾಳೆ ಹಾಲಿ ಆಗಬಹುದಲ್ರಿ ಅಂದರು ಅವರು.

"ಹುದ್ದಿ ಅಷ್ಟೇ ಮುಚ್ಚಿ, ಹೆಸರು ಬಿಡ್ರಲ್ಲ?"

"ಎರಡೂ ಒಂದೇ ಸಾಲಿನ್ಯಾಗ ಅವ. ಸಾಲು ಪೂರಾ ಮುಚ್ಚಬೇಕ್ರಿ."

"ಮತ್ತ ಆ ಗಡಿಯಾರ?"

"ಅದು ಬರೇ ಹೆಸರು. ನಡೀತದ."

ಅಧಿಕಾರಿ ತಂದಿದ್ದ ಬಿಳಿ ಹಾಳಿ ನಡುವ ಒಂದು ಗೇಣು ಸಾಲಲಿಲ್ಲ. ಬುರಾನುದ್ದೀನ ಚೀಲಕ್ಕ ಕೈ ಹಾಕಿ, ಕುಂಚ ಸುತ್ತಿದ್ದ ಪೇಪರ್ ಬಿಚ್ಚಿ, ಗೋಂದು ಹಚ್ಚಿ ಅಂಟಿಸಿ ಇಳಿದ.

ಸೀಟಿ ಕೇಳಿತು. ಮೊದಲ ಪಾಯಿಂಟ್ ಬಿತ್ತು. ಸ್ಕೋರ್ ನೋಡಾಕ ಇಡೀ ಕ್ರೀಡಾಂಗಣ ತಲಿ ಎತ್ತಿತು. ಬೋರ್ಡಿನ ನಟ್ಟ ನಡುವ ಹಣಮಂತರಾಯ, ಗಡಿಯಾರ ಎದಿಗೆ ಅವಚಿಕೊಂಡು, ನಗಾಕತ್ತಿದ್ದ.