ಸಹಿ ಬಿದ್ದ ನೋಟು

ಪ್ರಫುಲ್ಲಾ ಟೀಚರ ರಜೆ ಚೀಟಿ ಈ ಸಲವೂ ಹೆಡ್‌ಮಾಸ್ಟರರ ಮೇಜಿನಿಂದ ವಾಪಸ್ಸು ಬಂದಿತ್ತು. ಎರಡು ತಿಂಗಳಿಂದ ಕಾಡುತ್ತಿದ್ದ ಬೆನ್ನುನೋವನ್ನು ಡಾಕ್ಟರಿಗೆ ತೋರಿಸಲು ಅವರು ಕೇಳಿದ್ದು ಒಂದೇ ಒಂದು ದಿನ. "ನೀವು ಹೋದ್ರೆ ಈ ಕಪಿಸೈನ್ಯಾನ ಯಾರು ಹಿಡೀತಾರ್ರೀ?" ಎಂದು ಹೆಡ್‌ಮಾಸ್ಟರು ತರಗತಿಯ ಬಾಗಿಲಲ್ಲೇ, ಮಕ್ಕಳೆದುರಿಗೇ ಕೇಳಿ ಹೋಗಿದ್ದರು.

ಆಮೇಲೆ ಕರಕುಶಲದ ಪೀರಿಯಡ್ಡು. ಆಲೂಗಡ್ಡೆಯಲ್ಲಿ ಅಚ್ಚು ಕೊರೆದು ಆಟದ ನೋಟು ಮುದ್ರಿಸಬೇಕು. "ಅಂಚಿಗೆ ಬಳ್ಳಿ, ನಡುವೆ ನವಿಲು ಒತ್ತಿ. ಕೆಳಗಡೆ ನಿಜವಾದ ನೋಟಲ್ಲಿ ಗವರ್ನರ್ ಮಾತು ಕೊಡೋ ಹಾಗೆ ಒಂದು ವಚನ ಬರೀರಿ," ಎಂದವರೇ ಟೀಚರ್ ಕುರ್ಚಿಗೊರಗಿದರು. ಎದ್ದು ಹೋಗಿ ನೋಡುವಷ್ಟು ತ್ರಾಣವೂ ಉಳಿದಿರಲಿಲ್ಲ. ಬೆಂಚುಗಳ ನಡುವೆ ಗುಸುಗುಸು ನಡೆದೇ ಇತ್ತು.

ಬಣ್ಣ ಆರುವ ಹೊತ್ತಿಗೆ ಹೆಡ್‌ಮಾಸ್ಟರು ಮತ್ತೆ ಇಣುಕಿದರು.

"ಸರ್, ಗವರ್ನರ್ ಸಹಿ ಇಲ್ದಿರೋ ನೋಟು ನಡೆಯಲ್ಲ," ಎಂದಳು ಕ್ಲಾಸ್ ಲೀಡರ್ ಮುಬೀನಾ. "ನಮ್ಮ ಸ್ಕೂಲಿಗೆ ಗವರ್ನರ್ ನೀವೇ ಅಲ್ವಾ?"

"ಏ ಕಿಲಾಡಿ! ನಾನಲ್ದೆ ಇನ್ಯಾರೇ?"

ಅವರ ಮುಖ ಊರಗಲವಾಯಿತು. ನವಿಲುಗಳನ್ನು ಹೊಗಳುತ್ತಾ, ದಿನಾ ಕಡತಗಳಿಗೆ ಹಾಕುವಂತೆಯೇ ಮೂವತ್ತೆರಡು ನೋಟಿಗೂ ಸರಸರನೆ ಸಹಿ ಜಡಿದು ಹೊರಟುಹೋದರು.

ಮುಬೀನಾ ಆ ಕಟ್ಟನ್ನು ತಂದು ಟೀಚರ ಕೈಗಿಟ್ಟಳು. "ಎಲ್ಲಾ ನಿಮಗೇ, ಟೀಚರ್."

"ನಂಗ್ಯಾಕೇ ಇಷ್ಟೊಂದು?"

"ಓದಿ ನೋಡಿ."

ಮೂವತ್ತೆರಡರಲ್ಲೂ, ಬೇರೆ ಬೇರೆ ಕೈಬರಹದಲ್ಲಿ, ಒಂದೇ ಸಾಲಿತ್ತು: "ಈ ನೋಟು ತೋರಿಸಿದ ಟೀಚರಿಗೆ ಒಂದು ದಿನ ರಜೆ ಕೊಡಲು ನಾನು ವಚನ ನೀಡುತ್ತೇನೆ."